ಸಂಜೆಯಾದರೆ ಮುನಿಯುತ್ತಿದ್ದ ಆಂಪ್ಲಿಫೈಯರ್

ತೀರ್ಥಹಳ್ಳಿಯಿಂದ ಒಳಗೆ, ವಿದ್ಯುತ್ ಲೈನಿನ ಕೊನೆಯ ಕಂಬದ ಪಕ್ಕ ನಮ್ಮ ಮನೆ. ಬೇಸಿಗೆಯಲ್ಲಿ ಅಡಿಕೆ ತೋಟಗಳ ಪಂಪುಗಳು ಓಡತೊಡಗಿದರೆ ಸಂಜೆ ಪ್ಲಗ್ಗಿನಲ್ಲಿ 180 ವೋಲ್ಟ್ ಸಿಕ್ಕರೆ ಪುಣ್ಯ. ಅಪ್ಪಯ್ಯನಿಗೆ ಆ ಹೊತ್ತಿನಲ್ಲೇ ಜಗಲಿಯಲ್ಲಿ ಕುಳಿತು ತಾಳಮದ್ದಲೆ ಕೇಳಬೇಕು. ಕಳೆದ ಬೇಸಿಗೆಯಲ್ಲಿ ಅವರ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್ ಕೈಕೊಟ್ಟಿತು. ಸ್ವಿಚ್ ಹಾಕಿದರೆ ದೀಪ ಹೊತ್ತುತ್ತದೆ. ಮೂರು ನಾಲ್ಕು ಸೆಕೆಂಡಿನ ಮೇಲೆ ಬರಬೇಕಾದ ‘ಟಕ್’ ಸದ್ದು ಮಾತ್ರ ಇಲ್ಲ. ಭಾಗವತರೂ ಇಲ್ಲ, ಮದ್ದಲೆಯೂ ಇಲ್ಲ.

ಆ ಟಕ್ ಎಂದರೆ ಸ್ಪೀಕರ್ ಕಾಯುವ ರಿಲೇ, ಕರೆಂಟ್ ಕೊಟ್ಟರೆ ಅಯಸ್ಕಾಂತದಂತೆ ಎಳೆದುಕೊಂಡು ತಾನೇ ಮುಚ್ಚುವ ಸ್ವಿಚ್. ಆಂಪ್ಲಿಫೈಯರ್ ಒಂದು ಹದಕ್ಕೆ ಬಂದ ಮೇಲೆ, ಔಟ್‌ಪುಟ್‌ನಲ್ಲಿ ಡಿಸಿ (ಸ್ಪೀಕರನ್ನು ಸುಡಬಲ್ಲ, ಒಂದೇ ದಿಕ್ಕಿನ ಕರೆಂಟ್) ಇಲ್ಲವೆಂದು ಖಾತ್ರಿಯಾದ ಮೇಲೆ ಅದು ಸ್ಪೀಕರನ್ನು ಜೋಡಿಸುತ್ತದೆ. ಪೇಟೆಯ ರಿಪೇರಿಯವರೊಬ್ಬರು ‘ರಿಲೇಗೆ ತಂತಿ ಹಾಕಿ ನೇರ ಕೊಟ್ಟುಬಿಡಿ’ ಎಂದಿದ್ದರು. ಮನೆ ಕಾಯುವ ನಾಯಿ ಬೊಗಳುತ್ತದೆಂದು ಅದನ್ನೇ ಓಡಿಸಿದ ಹಾಗೆ. ಒಳಗೆ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿದ್ದರೆ ಆ ತಂತಿಯ ಮೂಲಕವೇ ಸ್ಪೀಕರ್ ಸುಟ್ಟುಹೋಗುತ್ತದೆ.

ನಾನು ಮುಚ್ಚಳ ತೆಗೆದದ್ದು ಹಗಲಿನಲ್ಲಿ. ಹಗಲಿನಲ್ಲಿ ಅದು ಸರಿಯಾಗಿಯೇ ಇರುತ್ತಿತ್ತು! ಮೂರು ದಿನ ಹೀಗೇ ಕಳೆಯಿತು. ರಿಲೇಯ ಮುಂಚಿನ ಬಿಂದುವಿನಲ್ಲಿ ಡಿಸಿ ಅಳೆದರೆ ಒಂದು ಕಡೆ 14, ಇನ್ನೊಂದು ಕಡೆ 22 ಮಿಲಿವೋಲ್ಟ್. ಇಷ್ಟು ಕಡಿಮೆ ಎಂದರೆ ಆಂಪ್ಲಿಫೈಯರ್ ಆರೋಗ್ಯವಾಗಿದೆ. ಮಲ್ಟಿಮೀಟರ್ ಮಡಚುತ್ತಿದ್ದಾಗ ಅಪ್ಪಯ್ಯ ಎಲೆಯಡಿಕೆ ಮೆಲ್ಲುತ್ತಾ ಹೇಳಿದರು: “ಮಧ್ಯಾಹ್ನವೇ ಹಾಕಿಟ್ಟರೆ ರಾತ್ರಿ ಮಲಗುವವರೆಗೂ ಹಾಡುತ್ತದೆ ಮಾರಾಯ. ಸಂಜೆ ಹಾಕಿದರೆ ಮಾತ್ರ ಈ ಗತಿ.”

ಆ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ವೋಲ್ಟೇಜ್ ಕಡಿಮೆಯಾದದ್ದೇ ಕಾರಣವಾದರೆ ಹಾಡುತ್ತಿದ್ದದ್ದೂ ಸಂಜೆ ನಿಲ್ಲಬೇಕಲ್ಲ ಎಂಬ ವಾದ ನನ್ನದು.

ನಾಲ್ಕನೆಯ ದಿನ ಬೋರ್ಡನ್ನು ಹೊರಗೆಳೆದು ನೋಡಬೇಕಾಗಿತ್ತು. ಹಾಗಾಗಿ ಪ್ಲಗ್ಗಿಗೆ ನೇರ ಕೊಡದೆ ಸೀರೀಸ್ ಬೋರ್ಡಿಗೆ 100 ವಾಟಿನ ಬಲ್ಬು ಹಾಕಿ, ಕರೆಂಟ್ ಬಲ್ಬನ್ನು ದಾಟಿಯೇ ಸೆಟ್ಟಿಗೆ ಹೋಗುವಂತೆ ಕೊಟ್ಟೆ. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಧಗಧಗ ಉರಿದು ಸೆಟ್ಟನ್ನು ಉಳಿಸುತ್ತದೆ. ಬಲ್ಬು ಒಮ್ಮೆ ಬೆಳಗಿ ಮಂದವಾಯಿತು. ಶಾರ್ಟ್ ಇಲ್ಲ. ಆದರೆ ಟಕ್ ಕೂಡ ಇಲ್ಲ! ಬಲ್ಬು ತನ್ನ ಪಾಲಿನ ವೋಲ್ಟೇಜ್ ನುಂಗಿ ಸೆಟ್ಟಿಗೆ 178 ಮಾತ್ರ ಬಿಟ್ಟಿತ್ತು. ನಡುಮಧ್ಯಾಹ್ನ ನನ್ನ ಮೇಜಿನ ಮೇಲೆ ಸಂಜೆಯಾಗಿತ್ತು.

ರಿಲೇಯ ಹೊದಿಕೆ ಪಾರದರ್ಶಕ. ಬಗ್ಗಿ ನೋಡಿದೆ: ಒಳಗಿನ ಪುಟ್ಟ ಕಬ್ಬಿಣದ ಪಟ್ಟಿ ಎಳೆಸಿಕೊಳ್ಳಲೋ ಬೇಡವೋ ಎಂದು ತೂಗುತ್ತಿತ್ತು. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಟಕ್! ಹಿಡಿದದ್ದು ಬಿಡಲಿಲ್ಲ. ಅಪ್ಪಯ್ಯನ ಮಾತು ಆಗ ಅರ್ಥವಾಯಿತು. ರಿಲೇ ಮೊದಲು ಎಳೆಯಲು ಹೆಚ್ಚು ವೋಲ್ಟೇಜ್ ಬೇಡುತ್ತದೆ, 24 ವೋಲ್ಟಿನದಕ್ಕೆ ಸುಮಾರು 18. ಒಮ್ಮೆ ಅಂಟಿಕೊಂಡರೆ ಅದರ ಅರ್ಧಕ್ಕಿಂತ ಕಡಿಮೆಯಲ್ಲೂ ಹಿಡಿದಿರುತ್ತದೆ. ರಿಲೇಯ ಕಾಯಿಲ್ (ಪಟ್ಟಿಯನ್ನು ಎಳೆಯುವ ತಂತಿಸುರುಳಿ) ಮೇಲೆ ಅಳೆದರೆ 16 ಇತ್ತು.

ಪ್ಲಗ್ಗಿನಲ್ಲಿ ಪೂರ್ತಿ ವೋಲ್ಟೇಜ್ ಇದ್ದಾಗ 40 ವೋಲ್ಟ್ ಕೊಡುವ ಸಪ್ಲೈಯಿಂದ ಕಾಯಿಲ್‌ಗೆ, ಕರೆಂಟ್ ತಡೆಯುವ ಒಂದು ರೆಸಿಸ್ಟರ್ ಮೂಲಕ ಕರೆಂಟ್ ಹೋಗುತ್ತಿತ್ತು. ಅದರ ಕೆಳಗೆ ಬೋರ್ಡು ಸುಟ್ಟ ದೋಸೆಯಂತೆ ಕಂದಾಗಿತ್ತು. ಎಷ್ಟು ಓಮ್ ಎಂದು ಹೇಳುವ ಬಣ್ಣದ ಗೆರೆಗಳಲ್ಲಿ ಓದಲು ಬರುತ್ತಿದ್ದದ್ದು ನೀಲಿಯೊಂದೇ. ಪ್ಲಗ್ ಕಿತ್ತೆ. ದೊಡ್ಡ ಕೆಪಾಸಿಟರುಗಳ ಚಾರ್ಜನ್ನು 100 ಓಮ್, 5 ವಾಟಿನ ರೆಸಿಸ್ಟರಿನಿಂದ ಇಳಿಸಿದೆ (ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸುವ ಶೌರ್ಯ ನನಗೆ ಬೇಡ). ಒಂದು ಕಾಲು ಬಿಡಿಸಿ ಅಳೆದರೆ 1,050 ಓಮ್. ಮೂಲದಲ್ಲಿ ಎಷ್ಟಿರಬೇಕು? ಕಾಯಿಲ್ 1,100 ಓಮ್, ಹಾಗಾಗಿ 24 ವೋಲ್ಟಿಗೆ ಸುಮಾರು 22 ಮಿಲಿಆಂಪ್. 40ರಲ್ಲಿ ಉಳಿದ 16 ವೋಲ್ಟನ್ನು ತಡೆಯಲು 727 ಓಮ್ ಬೇಕು. ಸಿಗುವುದರಲ್ಲಿ ಹತ್ತಿರದ್ದು 680, ನೀಲಿಯಿಂದಲೇ ಶುರುವಾಗುವ ಗುರುತು. ಹಾಕಿದ್ದ ಅರ್ಧ ವಾಟಿನದು ವರ್ಷಗಟ್ಟಲೆ ಬೆಂದು ಬೆಂದು ತನ್ನ ಓಮ್ ಏರಿಸಿಕೊಂಡಿತ್ತು. ಶಿವಮೊಗ್ಗಕ್ಕೆ ಹೋದಾಗ 2 ವಾಟಿನದು ತಂದು, ಬೋರ್ಡಿನಿಂದ ಸ್ವಲ್ಪ ಎತ್ತರದಲ್ಲಿ ನಿಲ್ಲಿಸಿ ಬೆಸುಗೆ ಹಾಕಿದೆ.

ಸಂಜೆ 178 ವೋಲ್ಟಿನಲ್ಲೇ ಟಕ್ ಎಂದಿತು. ಭಾಗವತರು ಬಂದರು, ಬಲಗಡೆಯಿಂದ ಮಾತ್ರ. ಧ್ವನಿ ಏರಿಸಿದರೆ ಎಡಗಡೆಯೂ ಏಳುತ್ತದೆ, ತಗ್ಗಿಸಿದರೆ ಮತ್ತೆ ಮೌನ. ಇದು ಆ ರಿಲೇಯದೇ ಇನ್ನೊಂದು ಕಾಯಿಲೆ: ಮಲೆನಾಡಿನ ತೇವಕ್ಕೆ ಕಪ್ಪಾದ ಕಾಂಟ್ಯಾಕ್ಟ್, ಅಂದರೆ ಸ್ವಿಚ್ಚಿನಲ್ಲಿ ಒಂದಕ್ಕೊಂದು ತಾಗುವ ಲೋಹದ ತುದಿಗಳು. ಮರಳು ಕಾಗದ ತಾಗಿಸಿದರೆ ಮೇಲಿನ ತೆಳು ಲೇಪವೇ ಹೋದೀತು. ಹೊದಿಕೆ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಿಳಿ ಕಾಗದದ ಚೂರನ್ನು ನಡುವೆ ಇಟ್ಟು, ಕಬ್ಬಿಣದ ಪಟ್ಟಿಯನ್ನು ಬೆರಳಿನಿಂದ ಒತ್ತಿ ಹಿಡಿದು ಕಾಗದವನ್ನು ಎಳೆದೆ. ಐದಾರು ಸಲ ಕರಿ ಗೆರೆ ಬಂತು, ಆಮೇಲೆ ಬರಲಿಲ್ಲ. ಸದ್ಯಕ್ಕೆ ಎರಡೂ ಕಡೆ ಹಾಡುತ್ತಿವೆ. ತಂದಿಟ್ಟ ಹೊಸ ರಿಲೇಯ ಕಾಲುಗಳು ಬೋರ್ಡಿನ ತೂತಿಗೆ ಹೊಂದುವುದಿಲ್ಲ. ಅದನ್ನು ಬದಲಿಸಲು ಇನ್ನೊಮ್ಮೆ ಶಿವಮೊಗ್ಗದ ಬಸ್ ಹತ್ತಬೇಕು.