ಮಡಹಾಗಲ: ಹೂ ಬಿಟ್ಟರೂ ಕಾಯಿ ಕಚ್ಚದಿದ್ದರೆ

ಬಳ್ಳಿ ಹಬ್ಬಿದೆ, ಹೂವೂ ಬಿಟ್ಟಿದೆ, ಕಾಯಿ ಮಾತ್ರ ಒಂದೂ ಇಲ್ಲ. ಶಿರಸಿ ಕಡೆ ಮಡಹಾಗಲ ನೆಟ್ಟವರು ಮಳೆಗಾಲದಲ್ಲಿ ಹೇಳುವ ಮಾತಿದು. ಅದು ಗೊಬ್ಬರದ ಕೊರತೆ ಅಲ್ಲ. ಇದರಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಬೆಟ್ಟದಿಂದ ಒಂದೇ ಗಡ್ಡೆ ತಂದು ನೆಟ್ಟರೆ, ಎಷ್ಟು ಸೊಂಪಾಗಿ ಬೆಳೆದರೂ ಅದು ಒಂಟಿ ಬಳ್ಳಿ.

ನಾನು ಬೀಜದಿಂದ ಸಸಿ ಮಾಡುವುದಿಲ್ಲ. ಬೀಜ ಹುಟ್ಟುವುದು ನಿಧಾನ, ಹುಟ್ಟಿದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು, ಅದೂ ಹೂ ಬರುವವರೆಗೆ ತಿಳಿಯದು. ಹಿಂದಿನ ಮಳೆಗಾಲದಲ್ಲೇ ಹೂ ನೋಡಿ ಬುಡಕ್ಕೆ ಗೂಟ ಹೊಡೆದು, ಹೆಣ್ಣಿಗೆ ಕೆಂಪು, ಗಂಡಿಗೆ ಬಿಳಿ ದಾರ ಕಟ್ಟಿಡುತ್ತೇನೆ. ಹೆಣ್ಣು ಹೂವಿನ ಬುಡದಲ್ಲಿ ಮುಳ್ಳುಮುಳ್ಳಾದ ಪುಟ್ಟ ಮಿಡಿ ಇರುತ್ತದೆ. ಗಂಡಿಗೆ ಮಿಡಿ ಇಲ್ಲ, ಮೊಗ್ಗಿಗೆ ಎಲೆಯಂಥ ಟೊಪ್ಪಿಗೆ ಇರುತ್ತದೆ. ಎಂಟು-ಹತ್ತು ಹೆಣ್ಣಿಗೆ ಒಂದು ಗಂಡು ಸಾಕು. ಆದರೆ ನಾಲ್ಕೇ ಹೆಣ್ಣಿದ್ದರೂ ನಾನು ಎರಡು ಗಂಡು ಇಡುತ್ತೇನೆ, ಇರುವ ಒಂದು ಕೊಳೆತರೆ ಆ ವರ್ಷದ ಕಾಯೇ ಹೋಯಿತು.

ಬೆಟ್ಟದ ಬಳ್ಳಿಯೇ ಬೇಕೆಂದರೆ ದಯವಿಟ್ಟು ಗಡ್ಡೆ ಅಗೆಯಬೇಡಿ. ಎರಡು-ಮೂರು ಗೆಣ್ಣಿನ ಬಳ್ಳಿ ತುಂಡು ತಂದು ನೆರಳಲ್ಲಿ ಬೇರು ಬರಿಸಿ. ಹೆಣ್ಣಿನ ತುಂಡು ಹೆಣ್ಣೇ ಆಗುತ್ತದೆ, ಬೆಟ್ಟದಲ್ಲೂ ಬಳ್ಳಿ ಉಳಿಯುತ್ತದೆ.

ಗಡ್ಡೆ ನೆಡುವುದು ಮೇ ಕೊನೆಗೆ. ಒಂದೂವರೆ ಅಡಿ ಗುಂಡಿ, ಗುಂಡಿಯಿಂದ ಗುಂಡಿಗೆ ಆರು ಅಡಿ. ಮೇಲ್ಮಣ್ಣಿಗೆ ಒಂದು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಮೊಳಕೆ ಮೇಲೆ ಬರುವಂತೆ ಎರಡು-ಮೂರು ಇಂಚು ಆಳಕ್ಕೆ ಇಡುತ್ತೇನೆ. ಗುಂಡಿಯನ್ನು ನೆಲಮಟ್ಟಕ್ಕೆ ಬಿಡಬಾರದು, ಅರ್ಧ ಅಡಿ ದಿಬ್ಬ ಏರಿಸಲೇಬೇಕು. ಕುಮಟಾ, ಕಾರವಾರದ ತಗ್ಗು ಜಾಗದಲ್ಲಿ ಒಂದಡಿ. ನಮ್ಮ ಜುಲೈ ಮಳೆಯಲ್ಲಿ ಬುಡಕ್ಕೆ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಮೇಲೆ ದರಕು (ಒಣ ಎಲೆ) ಹೊದಿಸಿ, ಕೈಗೆಟಕುವಷ್ಟು ಎತ್ತರಕ್ಕೆ ಅಡಿಕೆ ದಬ್ಬೆಯ ಚಪ್ಪರ.

ಬೆಟ್ಟದ ಸಣ್ಣ ಕಾಯಿಯ ಜಾತಿಯೊಂದು ಸಂಜೆ ಅರಳುತ್ತದೆ, ರಾತ್ರಿ ಪತಂಗಗಳು ಪರಾಗ ಸಾಗಿಸುತ್ತವೆ. ಅಸ್ಸಾಂ ಕಡೆಯ ದೊಡ್ಡ ಕಾಯಿಯ ಜಾತಿ ಬೇರೆ. ಕೊಡಗಿನ ಚೆಟ್ಟಳ್ಳಿ ತೋಟಗಾರಿಕಾ ಪ್ರಯೋಗ ಕೇಂದ್ರದ ‘ಅರ್ಕಾ ಭರತ್’ ಇದರದೇ ತಳಿ. ಅದು ಅರಳುವುದು ನಸುಕಿನಲ್ಲಿ, ಅದಕ್ಕೆ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಬೆಳಿಗ್ಗೆ ಒಂಬತ್ತರೊಳಗೆ ಅವತ್ತೇ ಅರಳಿದ ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ಹೆಣ್ಣು ಹೂವಿನ ನಡುವಿಗೆ ಮೆತ್ತಗೆ ಒತ್ತುತ್ತೇನೆ. ಒಂದು ಗಂಡು ಹೂ ನಾಲ್ಕೈದು ಹೆಣ್ಣಿಗೆ ಆಗುತ್ತದೆ. ಒದ್ದೆಯಾದ ಪರಾಗ ಅಂಟುವುದಿಲ್ಲ, ಜಡಿಮಳೆಯ ದಿನ ಮಾಡಿ ಪ್ರಯೋಜನವಿಲ್ಲ. ಪರಾಗ ಸಿಗದ ಮಿಡಿ ಕೆಲವೇ ದಿನಕ್ಕೆ ಹಳದಿಯಾಗಿ ಉದುರುತ್ತದೆ. ಕಚ್ಚಿದ್ದು ಹಸಿರಾಗಿಯೇ ಉಬ್ಬುತ್ತದೆ.

ಕಾಯಿ ಕಚ್ಚಿದ ಎರಡು ವಾರಕ್ಕೆ ಕೊಯ್ಲು. ತಡವಾದರೆ ಬೀಜ ಗಟ್ಟಿಯಾಗುತ್ತದೆ, ಪೋಡಿ (ಬಜ್ಜಿ) ಮಾಡಿದರೂ ಹಲ್ಲಿಗೆ ಸಿಗುತ್ತದೆ. ಹಣ್ಣುನೊಣ ಚುಚ್ಚಿದ ಕಾಯಿ ಸೊಟ್ಟಗಾಗಿ ಒಳಗೆ ಹುಳವಾಗುತ್ತದೆ. ಅದನ್ನು ಬುಡದಲ್ಲೇ ಬಿಸಾಡದೆ ಆಳವಾಗಿ ಹೂಳಬೇಕು. ಹೂ ಶುರುವಾದಾಗಲೇ ಗಂಡು ನೊಣಗಳನ್ನು ಸೆಳೆದು ಹಿಡಿಯುವ ಕ್ಯೂ-ಲ್ಯೂರ್ ಬಲೆ ತೂಗಿದರೆ ಕಾಟ ಕಡಿಮೆ.

ಚಳಿ ಬಿದ್ದಾಗ ಬಳ್ಳಿ ಒಣಗುತ್ತದೆ. ಸತ್ತಿತೆಂದು ನೀರು ಹನಿಸಬೇಡಿ, ಗಡ್ಡೆ ಮಲಗಿರುತ್ತದೆ. ಆಗ ಕಾಯಬೇಕಾದದ್ದು ಹಂದಿಯಿಂದ: ದಿಬ್ಬದ ಮೇಲೆ ಮುಳ್ಳು ಹೊದಿಸಿ ಕಲ್ಲು ಹೇರುತ್ತೇನೆ, ಮೊದಲ ಮಳೆಗೆ ತೆಗೆಯುತ್ತೇನೆ.