ಅಂಗೈಯಲ್ಲೂ ಜೋಮು ಎಂದಾಗ

ಮುಂಬೈಯ ಮಾಟುಂಗದ ಹೋಟೆಲೊಂದರಲ್ಲಿ ದೋಸೆ ಹೊಯ್ಯುವ ಕುಂದಾಪುರದ ಭಟ್ಟರು ಬಲಗೈ ತೋರಿಸಿದರು. "ಡಾಕ್ಟ್ರೇ, ಕೈ ಜೋಮು ಹಿಡೀತದೆ, ಸಟ್ಟುಗ ಜಾರ್ತದೆ." ಯಾವ ಬೆರಳು ಅಂದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಕಾರ್ಪಲ್ ಟನಲ್, ಅಂದರೆ ಬೆರಳುಗಳಿಗೆ ಹೋಗುವ ಮೀಡಿಯನ್ ನರ ಮಣಿಕಟ್ಟಿನ ಸುರಂಗದಲ್ಲಿ ಒತ್ತಿಹೋಗುವ ತೊಂದರೆ, ಎಂದು ಬರೆದು, ರಾತ್ರಿ ಕಟ್ಟಿಕೊಳ್ಳಲು ಮಣಿಕಟ್ಟಿನ ಪಟ್ಟಿ ಕೊಟ್ಟು ಕಳಿಸಿದೆ. 6 ವಾರವಾದರೂ ಕೂದಲೆಳೆಯಷ್ಟೂ ಗುಣವಿಲ್ಲ. ತಪ್ಪು ನನ್ನದೇ, ಅರ್ಧ ಕೇಳಿ ಬರೆದಿದ್ದೆ.

ಮತ್ತೆ ಬಂದಾಗ ಅವರ ಕೈಗೇ ಪೆನ್ನು ಕೊಟ್ಟು, ಜೋಮು ಇರುವಲ್ಲೆಲ್ಲ ಗೀಚಿ ಅಂದೆ. ಬೆರಳು ಮುಗಿಸಿ ಹೆಬ್ಬೆರಳಿನ ಬುಡದ ದಿಬ್ಬವನ್ನೂ ತುಂಬಿಸಿದರು. ಉತ್ತರ ಅಲ್ಲೇ ಇತ್ತು. ಆ ಜಾಗದ ಚರ್ಮಕ್ಕೆ ಹೋಗುವ ಕವಲು ಮಣಿಕಟ್ಟಿಗಿಂತ ಸುಮಾರು 5 ಸೆಂ.ಮೀ. ಮೇಲೆಯೇ ಮೀಡಿಯನ್ ನರದಿಂದ ಬೇರೆಯಾಗಿ, ಸುರಂಗದೊಳಗೆ ಹೋಗದೆ ಹೊರಗಿನಿಂದಲೇ ಇಳಿಯುತ್ತದೆ. ಒತ್ತಡ ಮಣಿಕಟ್ಟಿನಲ್ಲಿದ್ದರೆ ಅಂಗೈಗೆ ಸಾಮಾನ್ಯವಾಗಿ ಜೋಮು ಬರಬಾರದು.

"ರಾತ್ರಿ ಎಚ್ಚರ ಆಗ್ತದಾ ಭಟ್ರೇ?"

"ಇಲ್ಲ ಮಾರಾಯ್ರೆ, ನಿದ್ರೆಗೆ ತೊಂದ್ರೆ ಇಲ್ಲ. ಬೆಳಿಗ್ಗೆ ಗಿರಾಕಿ ಜೋರಾದಾಗ ಮಾತ್ರ."

ಮಣಿಕಟ್ಟು ಮಡಚಿ 1 ನಿಮಿಷ ಹಿಡಿಸಿದೆ, ಏನೂ ಇಲ್ಲ. ಬೆರಳಿಂದ ತಟ್ಟಿದೆ, ಏನೂ ಇಲ್ಲ. ಮೊಣಕೈ ಮಡಿಕೆಗಿಂತ ಕೆಳಗೆ, ಮುಂಗೈಯ ತುಂಬು ಸ್ನಾಯುವಿನ ಮೇಲೆ ಹೆಬ್ಬೆರಳಿಟ್ಟು ಅರ್ಧ ನಿಮಿಷ ಒತ್ತಿದಾಗ "ಬಂತು, ಅದೇ ಜೋಮು" ಎಂದರು. ಅಂಗೈಯನ್ನು ಕೆಳಮುಖವಾಗಿ ತಿರುಗಿಸಲು ಹೇಳಿ ನಾನು ತಡೆಹಿಡಿದು, ಮೊಣಕೈ ಮೆಲ್ಲನೆ ನೇರ ಮಾಡಿಸಿದಾಗಲೂ ಬಂತು. ದೋಸೆ ಮಗುಚುವಾಗ ದಿನವಿಡೀ ದುಡಿಯುವುದು ಇದೇ ಪ್ರೊನೇಟರ್ ಸ್ನಾಯು. ಮೀಡಿಯನ್ ನರ ಅದರ ಎರಡು ತಲೆಗಳ, ಅಂದರೆ ಮೇಲ್ತುದಿಯ ಎರಡು ಸೀಳುಗಳ, ನಡುವೆ ನುಸುಳುತ್ತದೆ; ಒತ್ತಡ ಅಲ್ಲೇ.

ಹೆಬ್ಬೆರಳು, ತೋರುಬೆರಳ ತುದಿ ಸೇರಿಸಿ ದುಂಡಗಿನ ಉಂಗುರ ಮಾಡಿಸಿದೆ, ಚೆನ್ನಾಗಿ ಬಂತು. ಹಾಗಾಗಿ ಆ ಬೆರಳ ತುದಿಗಳನ್ನು ಮಡಚಿಸುವ, ಆಳಕ್ಕಿಳಿಯುವ ಕವಲಿಗೆ ಏಟಿಲ್ಲ. ಜೋಮು ಅಲ್ಲಿಂದಲೂ ಬರಬಹುದೆಂದು ಕುತ್ತಿಗೆಯನ್ನೂ ನೋಡಿದೆ. ನರದ ಪರೀಕ್ಷೆಯ ವರದಿ ನಾರ್ಮಲ್. ಪ್ರೊನೇಟರ್ ತೊಂದರೆಯಲ್ಲಿ ಅದು ಹಲವು ಬಾರಿ ಹಾಗೆಯೇ ಬರುತ್ತದೆ. ಆ ಕಾಗದ ನೋಡಿ "ನಿಮಗೇನೂ ಇಲ್ಲ" ಎಂದು ರೋಗಿಯನ್ನು ಕಳಿಸುವುದು ನನಗೆ ಸಹಿಸಲಾಗದು.

ಆಪರೇಷನ್ ಮಾತೆತ್ತಲಿಲ್ಲ. ಮಾಲೀಕರಿಗೆ ಫೋನ್ ಮಾಡಿ, 6 ವಾರ ಭಟ್ಟರನ್ನು ಕಾವಲಿಯಿಂದ ಕಾಫಿ ಕಡೆಗೆ ಹಾಕಿಸಿದೆ. ಕಾವಲಿಗೆ ಮರಳಿದ ಮೇಲೆ ಅವರು ಎಡಗೈಯಲ್ಲಿ ಮಗುಚಲು ಕಲಿತರು. ಈಗ ಜೋಮು ಬರುವುದು ಭಾನುವಾರದ ಗದ್ದಲದಲ್ಲಿ ಮಾತ್ರ, ಅದೂ ನಡುಬೆರಳಿಗಷ್ಟೇ.