ಆಟಿಯ ಮಳೆಯಲ್ಲಿ ಹಸಿ ಹಲಸಿನ ಬಟ್ಟಲು: ನನ್ನ ಅನುಭವ

"ಎರಡು ಬೇಸಿಗೆ ಕಾಣದ ಮರಕ್ಕೆ ಉಳಿ ಇಡಬೇಡಿ ಮಾರಾಯರೇ, ಕೊನೆಗೆ ಒಲೆಗೇ ಹೋದೀತು" ಎಂದು ಉಡುಪಿ ಬಳಿಯ ಹಿರಿಯಡ್ಕದ ನಮ್ಮ ಮರಗೆಲಸದ ಆಚಾರಿಯವರು ಮುಖಕ್ಕೇ ಹೇಳಿದ್ದರು. ಬಾಗಿಲಿಗೆ, ದಾರಂದಕ್ಕೆ ಆ ಮಾತು ಸರಿ. ಬಟ್ಟಲಿಗೆ ಅಷ್ಟು ಕಾಯಬೇಕಿಲ್ಲ ಎಂಬುದು ನನ್ನ ಹಟ. ಈಗ ಕೆಲವು ಮಳೆಗಾಲಗಳಿಂದ ಹಸಿ ಹಲಸಿನ ಮರವನ್ನೇ ಲೇತಿನಲ್ಲಿ (ಮರವನ್ನು ತಿರುಗಿಸಿ ಕಡೆಯುವ ಯಂತ್ರದಲ್ಲಿ) ಕಡೆಯುತ್ತಿದ್ದೇನೆ. ಹತ್ತರಲ್ಲಿ ಎಂಟೊಂಬತ್ತು ಒಡೆಯದೆ ನಿಲ್ಲುತ್ತಿವೆ. ಅದೇ ಆಚಾರಿಯವರು ಕಳೆದ ವರ್ಷ ಮದುವೆಯ ಉಡುಗೊರೆಗೆಂದು ನನ್ನ ಬಟ್ಟಲುಗಳನ್ನೇ ಒಯ್ದರು.

ಮಳೆಗಾಲವನ್ನು ಹಿಡಿದದ್ದು ದುಡ್ಡಿನ ಲೆಕ್ಕದಿಂದ. ಜೂನ್–ಜುಲೈ ಗಾಳಿಗೆ ತೋಟಗಳಲ್ಲಿ ಹಲಸು ಬೀಳುತ್ತದೆ. ಜಾಗ ತೆರವಾದರೆ ಸಾಕೆಂದು ಮನೆಯವರು ಸೌದೆಯ ದರಕ್ಕೇ ಕೊಡುತ್ತಾರೆ. ಸಾಗಾಟವೂ ಸೇರಿ ಬಟ್ಟಲೊಂದಕ್ಕೆ ಮರದ ಖರ್ಚು 50 ರೂಪಾಯಿ ದಾಟುವುದಿಲ್ಲ. ಮಿಲ್ಲಿನಲ್ಲಿ ಒಣಮರ ಕೊಂಡರೆ ಅದರ ಐದಾರು ಪಟ್ಟು.

ಆದರೆ ಆ ಉಳಿತಾಯವನ್ನು ಮೊದಲೆರಡು ವರ್ಷ ಪೂರ್ತಿ ಕಳೆದುಕೊಂಡೆ. ಒರಟಾಗಿ ಕಡೆದು, ಅಂಚಿಗೆ ಮೇಣ ಬಳಿದು ಕೊಟ್ಟಿಗೆಯಲ್ಲಿ ಜೋಡಿಸಿದರೆ ವಾರದೊಳಗೆ ಕಪ್ಪು ಬೂಷ್ಟು, ಅದೂ ಮರದ ಒಳಗಿನವರೆಗೆ. ಫ್ಯಾನ್ ಹಾಕಿದರೆ ರಾತ್ರಿ ಬೆಳಗಾಗುವುದರಲ್ಲಿ ಬಿರುಕು. ಮೈಕ್ರೋವೇವಿನಲ್ಲಿ ಕೆಲವು ಉಳಿದವು, ಆದರೆ ಅದರೊಳಗೆ ಹಿಡಿಸುವುದು ಉಪ್ಪಿನಕಾಯಿ ಬಟ್ಟಲಿನಷ್ಟು ಚಿಕ್ಕವು ಮಾತ್ರ. ಎಲ್ಲಕ್ಕಿಂತ ನೋವಾದದ್ದು ಕುಟ್ಟೆಹುಳದಿಂದ. ಮಂಗಳೂರಿನ ಮನೆಯೊಂದಕ್ಕೆ ಕೊಟ್ಟ ಸೆಟ್ಟಿನ ಬಿಳಿ ಭಾಗದಿಂದ ಊಟದ ಮೇಜಿನ ಮೇಲೆ ಪುಡಿ ಉದುರತೊಡಗಿತು, ಹಣ ಹಿಂದಿರುಗಿಸಿದೆ. ಒಟ್ಟು ನಷ್ಟ 30 ಸಾವಿರದ ಆಸುಪಾಸು.

ದಾರಿ ಸಿಕ್ಕಿದ್ದು ಬಚ್ಚಲ ಹಂಡೆಯಲ್ಲಿ. ದಿಮ್ಮಿಯ ನಡುವಿನ ಬೆಂಡನ್ನು ಮೊದಲೇ ಸೀಳಿ ತೆಗೆಯುತ್ತೇನೆ. ಅದು ಉಳಿದರೆ ಯಾವ ಉಪಾಯವೂ ನಡೆಯದು. ಒರಟಾಗಿ ಕಡೆಯುವಾಗ ಬಟ್ಟಲಿನ ಗೋಡೆಯ ದಪ್ಪ, ವ್ಯಾಸದ ಹತ್ತನೇ ಒಂದು ಭಾಗ ಎಂಬುದು ಎಲ್ಲರ ಲೆಕ್ಕ. ನಾನು 8 ಇಂಚಿನ ಬಟ್ಟಲಿಗೆ ಹೆಚ್ಚುಕಡಿಮೆ ಒಂದು ಇಂಚು ಬಿಡುತ್ತೇನೆ, ಏಕೆಂದರೆ ಒಣಗಿದ ಮೇಲೆ ಅದು ಅಂಡಾಕಾರಕ್ಕೆ ತಿರುಗುತ್ತದೆ, ಮತ್ತೆ ದುಂಡಗೆ ಕಡೆಯಲು ಮರ ಬೇಕು. ಲೇತಿನಿಂದ ಇಳಿಸಿದ ದಿನವೇ ಹಂಡೆಗೆ ಹಾಕಿ, ಮೇಲೇಳದಂತೆ ಗುಂಡುಕಲ್ಲು ಹೇರಿ, ಒಂದೂವರೆ ಗಂಟೆ ಕುದಿಸಬೇಕು. ಮರದ ರಂಧ್ರಗಳಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ, ಅಂಟು ಮೇಲೆ ಬಂದು ಹಂಡೆಯ ಕಂಠಕ್ಕೆ ಹತ್ತುತ್ತದೆ, ನೀರು ದಟ್ಟ ಹಳದಿಯಾಗುತ್ತದೆ. ಆ ನೀರಿನಲ್ಲೇ ತಣಿಯಲು ಬಿಡಿ, ಬಿಸಿಯಲ್ಲಿ ಎತ್ತಬೇಡಿ. ನೀರಿಗೆ ಇನ್ನೊಂದು ಹಿಡಿ ವಸ್ತು ಸೇರಿಸುತ್ತೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಆ ಹಳದಿ ನೀರಿಗೆ ಪಟಿಕ ಹಾಕಿ ಹತ್ತಿಬಟ್ಟೆಯನ್ನೂ ಅದ್ದಿ ನೋಡಿದ್ದೇನೆ. ಬರ್ಮಾ, ಥಾಯ್ಲೆಂಡಿನ ಬೌದ್ಧ ಭಿಕ್ಷುಗಳು ಉಡುವ ಚೀವರಕ್ಕೆ ಹಲಸಿನ ಮರದ ತಿರುಳಿನ ಬಣ್ಣ ಬಳಸುವ ರೂಢಿ ಇತ್ತೆಂದು ಓದಿದ್ದೆ. ಬಣ್ಣ ಚೆನ್ನಾಗಿಯೇ ಹಿಡಿಯಿತು. ಹೆಂಡತಿ ಈಗ ದಿಂಬಿನ ಚೀಲಗಳನ್ನು ಅದರಲ್ಲೇ ಅದ್ದುತ್ತಾಳೆ.

ಮುಂದಿನದು ಒಣಗಿಸುವುದು. ನಾಲ್ಕೈದು ದಿನ ಗೋಣಿಯೊಳಗೆ ಇಟ್ಟು, ಬಳಿಕ ತೆಂಗಿನಕಾಯಿ ಇಡುತ್ತಿದ್ದ ಒಲೆಯ ಮೇಲಿನ ಅಟ್ಟಕ್ಕೆ, ಬಾಯಿ ಕೆಳಗಾಗಿ. ಅಲ್ಲಿ ಹದವಾದ ಬಿಸಿ ಇದೆ, ಹೊಗೆ ಇದೆ; ಬೂಷ್ಟಿಗೂ ಹುಳಕ್ಕೂ ಹೊಗೆಯೇ ಮದ್ದು. ಪ್ರತಿ ಬಟ್ಟಲಿನ ಬುಡದಲ್ಲಿ ತೂಕ ಬರೆದು, ವಾರಕ್ಕೊಮ್ಮೆ ತಕ್ಕಡಿಗೆ ಇಡುತ್ತೇನೆ. ಒಂದೂಕಾಲು ಕಿಲೋ ಇದ್ದದ್ದು 700 ಗ್ರಾಂ ಹತ್ತಿರ ಬಂದು ಎರಡು ವಾರ ಅಲ್ಲಾಡದಿದ್ದರೆ ಲೇತಿಗೆ ಏರಿಸಬಹುದು. ಹೆಚ್ಚಾಗಿ ಎರಡು ತಿಂಗಳು ಸಾಕು.

ಉಪ್ಪುಕಾಗದ 120ನೇ ನಂಬರಿನಿಂದ 400ರವರೆಗೆ, ಅದರಲ್ಲಿ ಹೇಳುವಂಥದ್ದಿಲ್ಲ. ಕೊನೆಯದು ಮೇಲೆ ಹಚ್ಚುವ ಎಣ್ಣೆ. ಅಂಗಡಿಯ ಕಾಯಿಸಿದ ಅಗಸೆ ಎಣ್ಣೆಯಲ್ಲಿ ಬೇಗ ಒಣಗಿಸುವ ಲೋಹದ ಲವಣ ಬೆರೆತಿರುತ್ತದೆ, ಊಟದ ಪಾತ್ರೆಗೆ ನಾನು ಮುಟ್ಟಿಸುವುದಿಲ್ಲ. ಹೊನ್ನೆ ಎಣ್ಣೆ ದೋಣಿಗೆ ಒಳ್ಳೆಯದು, ಬಟ್ಟಲಿಗೆ ವಾಸನೆ ಹೋಗದು. ನನ್ನದು ಜೇನುಮೇಣ ಮತ್ತು ತೆಂಗಿನೆಣ್ಣೆ. ಪ್ರಮಾಣ ನಿಮ್ಮ ಕೈಯೇ ಕಂಡುಕೊಳ್ಳಲಿ.

8 ಇಂಚಿನ ಬಟ್ಟಲು ಈಗ 900ರಿಂದ 1,200 ರೂಪಾಯಿಗೆ ಹೋಗುತ್ತದೆ. ಕೊಡುವಾಗ ಎರಡು ಮಾತು ತಪ್ಪದೆ ಹೇಳುತ್ತೇನೆ: ಹಳದಿ ಬಣ್ಣ ವರ್ಷದೊಳಗೆ ಕಂದಾಗುತ್ತದೆ, ಅದು ಹಲಸಿನ ಗುಣ, ಮತ್ತು ಸಾಂಬಾರು ಹಾಕಿ ರಾತ್ರಿಯಿಡೀ ಬಿಡಬೇಡಿ.